ಬಾಗಿಲಿಗೆ ಹತ್ತಕ್ಕೆಷ್ಟು

ಕ್ಯಾಟಲಾಗಿನಲ್ಲಿ ನೂರ ತೊಂಬತ್ತು ಮಿಲಿಮೀಟರು ಎಂದಿತ್ತು. ಅವನ ಟೇಪಿನಲ್ಲೂ ನೂರ ತೊಂಬತ್ತೇ ಬಂದಾಗ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರಿಗೆ ಏನೋ ಮೋಸವಾದಂತಾಯಿತು. ಷೋರೂಮಿನ ಥಳಥಳ ಹೊಳೆಯುವ ನೆಲದ ಮೇಲೆ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಹೊಸ ಕೊರಿಯಾ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಟೇಪು ಹಿಡಿದಿದ್ದ ಅವನು ಮತ್ತೊಮ್ಮೆ ಅಳೆದ, ಮಗದೊಮ್ಮೆ ಅಳೆದ. "ಒಂದು, ಎರಡು, ಮೂರು" ಎಂದು ಗಟ್ಟಿಯಾಗಿಯೇ ಎಣಿಸಿದ. ಇಪ್ಪತ್ತಾರು ವರ್ಷದ ಅಭ್ಯಾಸ. ಯಾವ ಅಂಗಡಿಗೆ ಹೋದರೂ ತಕ್ಕಡಿಯ ಮೇಲೆ ತೂಕದ ಬಟ್ಟನ್ನು ಮೂರು ಸಲ ಇಡಿಸುತ್ತಿದ್ದ. ಮೊದಲನೆಯದು ಅಂಗಡಿಯವನ ಅದೃಷ್ಟಕ್ಕೆ, ಎರಡನೆಯದು ನನ್ನ ಅನುಮಾನಕ್ಕೆ, ಮೂರನೆಯದು ಸತ್ಯಕ್ಕೆ ಎನ್ನುತ್ತಿದ್ದ. ಮೂರನೆಯ ಸಲ ಮುಳ್ಳು ಎಲ್ಲಿ ನಿಂತಿತೋ ಅದೇ ತೀರ್ಪು. ಆಮೇಲೆ ಯಾರು ಕಾಲಿಗೆ ಬಿದ್ದರೂ ಕೇಳುವವನಲ್ಲ. ಕಳ್ಳ ಬಟ್ಟುಗಳನ್ನು ಬೀದಿಗೆ ಎಸೆದಿದ್ದಾನೆ, ಒಮ್ಮೆ ಒಬ್ಬ ಮುದುಕ ವ್ಯಾಪಾರಿಯ ಕಾಲ್ಬೆರಳ ಮೇಲೇ ಎಸೆದಿದ್ದಾನೆ. ನೆಲದ ಮಟ್ಟದಿಂದ ಈಗ ಅವನಿಗೆ ಮೂರು ಜೊತೆ ಕಾಲುಗಳು ಕಾಣುತ್ತಿದ್ದವು. ಹಿಮ್ಮಡಿಗೆ ಪ್ಲಾಸ್ಟರು ಅಂಟಿಸಿಕೊಂಡ ಕರೀ ಷೂ, ಮಾರಾಟದ ಹೆಂಗಸಿನದು. ದೋಣಿಯಷ್ಟಿರುವ ಬೂಟು, ಮೈದುನನದು. ಸ್ವಲ್ಪ ಆಚೆ, ಒಂದಕ್ಕೊಂದು ತಾಗಿಸಿ ಇಟ್ಟ ಕಂದು ಚಪ್ಪಲಿ, ಹೆಂಡತಿಯದು. ಕಾರಿನ ಬಾಗಿಲು ಪೂರ್ತಿ ತೆರೆದರೂ ತಾಕದಷ್ಟು ದೂರದಲ್ಲಿ. ಆ ದೂರವನ್ನು ಅವನು ಟೇಪು ಹಿಡಿದು ಅಳೆದಿಲ್ಲ. ಆದರೆ ಮೂರು ವರ್ಷದಿಂದ ಅದು ಒಂದು ಇಂಚೂ ಕಡಿಮೆಯಾಗಿಲ್ಲವೆಂದು ಅವನಿಗೆ ಗೊತ್ತು.

"ಭಾವಾ, ಕಾರಿಗೆ ಬಾಲ ಇದೆಯಾ ಅಂತ ನೋಡ್ತಿದ್ದೀರಾ? ಏಳಿ, ಪ್ಯಾಂಟಿನ ಹೊಲಿಗೆ ಬಿಟ್ಟೀತು."

ಮಾರಾಟದ ಹೆಂಗಸು ಕಿಸಕ್ಕೆಂದಳು. ಅವನೂ ನಕ್ಕು ಎದ್ದು ಮೊಣಕಾಲು ಕೊಡವಿಕೊಂಡ. ಕೊಡವಿಕೊಳ್ಳುತ್ತಲೇ ಮೈದುನನ ದಪ್ಪ ಕತ್ತನ್ನು ಡಿಕ್ಕಿಯ ಅಂಚಿಗೆ ಒರಗಿಸಿ ಮೇಲಿನಿಂದ ಮುಚ್ಚಳವನ್ನು ಹಾಕಿದ, ಎರಡೂ ಕೈಯಿಂದ, ಪೂರ್ತಿ ಭಾರ ಬಿಟ್ಟು. ಮನಸ್ಸಿನಲ್ಲೇ. ಇಂಥವು ಅವನ ಮನಸ್ಸಿನಲ್ಲಿ ದಿನಕ್ಕೆ ಹತ್ತಾರು ಆಗುತ್ತಿದ್ದವು. ಮುಖದ ಮೇಲೆ ಮಾತ್ರ ಸರ್ಕಾರಿ ನಗು ಒಂದು ಎಳೆಯೂ ಸಡಿಲವಾಗುತ್ತಿರಲಿಲ್ಲ. ಮೈದುನ ಲಿಫ್ಟ್ ಮೆಕ್ಯಾನಿಕ್ಕು. ತೋಳು ನೋಡಿದರೆ ಲಿಫ್ಟನ್ನು ಹಗ್ಗವಿಲ್ಲದೆ ತಾನೇ ಎಳೆದು ಮೇಲಕ್ಕೇರಿಸುತ್ತಾನೇನೋ ಅನ್ನಿಸಬೇಕು. ಅಕ್ಕನಿಗೆ ಕಾರು ಕೊಳ್ಳುವಾಗ ತಾನಿರದಿದ್ದರೆ ಹೇಗೆ ಎಂದು ರಜೆ ಹಾಕಿ ಬಂದಿದ್ದ. ಬೆಳಗಿನಿಂದ ಜಪಾನಿನದು, ಜರ್ಮನಿಯದು, ಫ್ರಾನ್ಸಿನದು ಎಂದು ಮೂರು ಷೋರೂಮು ಸುತ್ತಿ ಈಗ ಈ ನಾಲ್ಕನೆಯದಕ್ಕೆ ಬಂದಿದ್ದರು. ನಾಲ್ಕೂ ಒಂದೇ ಎತ್ತರದ, ಒಂದೇ ಉದ್ದದ, ಮೂತಿ ಮೇಲೆತ್ತಿಕೊಂಡು ನಿಂತ ಪುಟ್ಟ ಎಸ್‌ಯುವಿಗಳು. ಎಲ್ಲಿ ಹೋದರೂ ಮೈದುನನದು ಒಂದೇ ಪರೀಕ್ಷೆ: ಬಾಗಿಲನ್ನು ಪೂರ್ತಿ ತೆರೆಯುವುದು, ಬೀಸಿ ಹಾಕುವುದು, ಕಿವಿ ಕೊಟ್ಟು ಸದ್ದು ಕೇಳುವುದು.

"ಡಬ್! ಕೇಳಿದ್ರಾ ಭಾವಾ? ಇದು ಬಾಗಿಲು ಅಂದ್ರೆ. ಆ ಜಪಾನಿನದು ಹಗುರ ಆಯ್ತು. ಜರ್ಮನಿಯದು ಪರವಾಗಿಲ್ಲ, ಆದ್ರೂ ಈ ಭಾರ ಇಲ್ಲ." ಇನ್ನೊಮ್ಮೆ ಬೀಸಿ ಹಾಕಿದ. "ನಿಮ್ಮ ಹಳೇ ಗಾಡಿಗೆ ಇಷ್ಟು ಭಾರದ ಬಾಗಿಲು ಇದ್ದಿದ್ರೆ ಗಾಳಿಗೆ ಅಲ್ಲಾಡ್ತಿತ್ತಾ ಹೇಳಿ? ಅಕ್ಕನ ಬೆರಳು ಹೋಗ್ತಿರ್ಲಿಲ್ಲ."

ಡಬ್. ಪ್ರತಿ ಸಲವೂ ಹೆಂಡತಿಯ ಭುಜ ಕೂದಲೆಳೆಯಷ್ಟು ಮೇಲೇರಿ ಇಳಿಯುತ್ತಿತ್ತು. ಬೇರೆಯವರಿಗೆ ಕಾಣುವಂಥದ್ದಲ್ಲ. ಅವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಎಡಗೈಯಲ್ಲಿ ಪೆನ್ಸಿಲು ಹಿಡಿದು, ಅವನು ಕೊಟ್ಟ ಅಂಕಪಟ್ಟಿಯಲ್ಲಿ ಏನೋ ಬರೆಯುತ್ತಿದ್ದಳು. ಅಂಕಪಟ್ಟಿ ಅವನದೇ ತಲೆ. ನಾಲ್ಕು ಕಾರು, ಎಂಟು ಅಂಶ, ಒಂದೊಂದಕ್ಕೂ ಹತ್ತಕ್ಕೆ ಅಂಕ: ನೋಟ, ಸೀಟು, ಡಿಕ್ಕಿ, ನೆಲದಿಂದ ಎತ್ತರ, ಬ್ರೇಕು, ಬಾಗಿಲು, ತಂಪು, ಸದ್ದು. ಮೂವರಿಗೂ ಒಂದೊಂದು ಹಾಳೆ. ಒಬ್ಬರದು ಒಬ್ಬರು ನೋಡುವ ಹಾಗಿಲ್ಲ, ಕೊನೆಗೆ ಎಲ್ಲರ ಎದುರಿಗೇ ಕೂಡಿಸಬೇಕು. ನಿನ್ನೆ ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹಾಳೆ ಕೊಟ್ಟಾಗ ಅವಳು, "ನನಗ್ಯಾಕ್ರೀ ಇವೆಲ್ಲ, ನೀವು ನೋಡಿದ್ರೆ ಸಾಕಲ್ವಾ" ಎಂದಿದ್ದಳು. ಅವನು ಬಿಟ್ಟಿರಲಿಲ್ಲ. "ನಾಳೆ ದಿನ ಯಾರೂ ನಾನು ಹೆಂಡತೀನ ಕೇಳಲಿಲ್ಲ ಅನ್ನಬಾರದು. ನಿನಗೆ ಅನ್ನಿಸಿದ್ದನ್ನ ಬರಿ. ಸುಳ್ಳು ಬರೀಬೇಡ, ಅಷ್ಟೆ." ಹೇಳಿ ಮುಗಿಸಿದಾಗ ಅವನಿಗೆ ತನ್ನ ಮೇಲೇ ಗೌರವ ಬಂದಿತ್ತು. ಮೂರು ವರ್ಷದಿಂದ ಅವನು ಕೈ ಎತ್ತಿರಲಿಲ್ಲ. ಮೊದಲೆಲ್ಲ ಎತ್ತಿದ್ದುಂಟು, ಸಾರಿಗೆ ಉಪ್ಪು ಮುಂದಾಯಿತೆಂದು ತಟ್ಟೆ ಬೀಸಿ ಒಗೆದದ್ದು, ಕಿವಿಯ ಹತ್ತಿರ ಹೊಡೆದು ಎರಡು ದಿನ ಅವಳು ಒಂದೇ ಕಿವಿಯಲ್ಲಿ ಕೇಳಿಸಿಕೊಂಡದ್ದು, ಎಲ್ಲವೂ ಇದ್ದವು. ಬಾಗಿಲಿನ ನಂತರ ಇಲ್ಲ. ಅದಕ್ಕೆ ತನಗೆ ತಾನೇ ಹತ್ತಕ್ಕೆ ಏಳು ಕೊಟ್ಟುಕೊಂಡಿದ್ದ.

ಅವತ್ತು ಮೈದುನನ ಹೊಸ ಮನೆಯಲ್ಲಿ ಊಟ. ಹಜಾರದ ಉದ್ದ ಕಣ್ಣಳತೆಯಲ್ಲೇ ಹದಿನಾಲ್ಕಡಿ ಎಂದು ಅವನು ಎಲ್ಲರೆದುರು ಹೇಳಿದ್ದ. "ಹದಿಮೂರೂವರೆ ಇರಬೇಕು ಕಣ್ರೀ" ಎಂದಳು ಅವಳು, ಊಟದ ತಟ್ಟೆ ಎತ್ತುತ್ತಾ, ಸುಮ್ಮನೆ, ಯಾವ ಉದ್ದೇಶವೂ ಇಲ್ಲದೆ. ಮೈದುನ ಟೇಪು ತಂದ. ಹದಿಮೂರೂವರೆ. ಅಳತೆ ಇನ್ಸ್‌ಪೆಕ್ಟರಿಗೇ ಅಳತೆ ತಪ್ಪಿತಲ್ಲಪ್ಪಾ ಎಂದು ಮನೆಯೆಲ್ಲಾ ಗೊಳ್ಳೆಂದಿತು, ಅತ್ತೆಯಂತೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅವನೂ ನಕ್ಕ. ನಗುನಗುತ್ತಲೇ ಎಲ್ಲರಿಗೂ ಹೇಳಿ ಹೊರಗೆ ಬಂದ. ಗಲ್ಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಬುತ್ತಿಯ ಡಬ್ಬಿಯನ್ನು ಮುಂದಿನ ಸೀಟಿನ ಮೇಲಿಟ್ಟು, ಎರಡು ಬಾಗಿಲುಗಳ ನಡುವಿನ ಕಂಬಕ್ಕೆ ಬಲಗೈ ಕೊಟ್ಟು, ಮನೆಯ ಕಡೆ ತಿರುಗಿ ನಿಂತಿದ್ದಳು. ಅವಳ ಕನ್ನಡಕ ಒಳಗೆ ಮರೆತುಹೋಗಿತ್ತು, ನಾದಿನಿ, ಮೈದುನನ ಹೆಂಡತಿ, ತರಲು ಹೋಗಿದ್ದಳು. ಅವನು ಕಾರನ್ನು ಸುತ್ತಿ ಬಂದು ಬಾಗಿಲು ಹಿಡಿದುಕೊಂಡ. ಕೈ ಇದೆ, ಎಂದಳು. ಅವನಿಗೆ ಕೇಳಿಸಿತು. ಕೇಳಿಸಿತು, ಮತ್ತು ಹಾಕಿದ. ಮೂರು ವರ್ಷದಿಂದ ಅವನು ತೂಗುತ್ತಾ ಬಂದದ್ದು ಇದನ್ನೇ. ಒಂದು ಸಲ ಹೇಳಿದಳು, ಕಿವಿಗೆ ಬೀಳುವಷ್ಟರಲ್ಲಿ ತೋಳು ಆಗಲೇ ಹೊರಟಿತ್ತು, ಹೊರಟ ತೋಳನ್ನು ಯಾರು ತಾನೇ ಹಿಡಿಯಬಲ್ಲರು. ಹೀಗೆ ತೂಗಿದಾಗ ಮುಳ್ಳು ಸರಿಯಾಗಿ ನಡುವೆ ನಿಲ್ಲುತ್ತಿತ್ತು, ನಿದ್ದೆ ಬರುತ್ತಿತ್ತು. ಸದ್ದು ಮಾತ್ರ ಅವನು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ. ಒದ್ದೆ ಬಟ್ಟೆಯೊಳಗಿನ ಕಡ್ಡಿ ಮುರಿದಷ್ಟೇ. ಬಾಗಿಲು ಪೂರ್ತಿ ಕೂರದೆ ಒಂದು ಬೆರಳಗಲ ತೆರೆದೇ ನಿಂತಿತು, ಆ ಸಂದಿನಲ್ಲಿ ಅವಳ ಎರಡು ಬೆರಳು. ಅವಳು ಕಿರುಚಲಿಲ್ಲ. ಅವನು ತಕ್ಷಣ ಬಾಗಿಲು ತೆಗೆಯಲೂ ಇಲ್ಲ. ಒಂದು ಗಳಿಗೆ ನಿಂತು ನೋಡಿದ. ಉಗುರಿನ ಬುಡದಿಂದ ರಕ್ತ ಕಾರಿನ ಬಿಳೀ ಬಣ್ಣದ ಮೇಲೆ ಇಳಿಯುವುದನ್ನು, ಅದು ಕೆಳಗಿನ ಅಂಚು ಮುಟ್ಟುವವರೆಗೂ, ನೋಡಿದ. ಆಮೇಲೆ ತೆಗೆದ. ನಾದಿನಿ ಕನ್ನಡಕ ಹಿಡಿದು ಓಡಿಬಂದಾಗ ಅವಳೇ ಹೇಳಿದಳು, "ಗಾಳಿ ಕಣೇ. ಗಾಳಿಗೆ ಹಾಕ್ಕೊಂಡ್ತು." ಆ ಮಧ್ಯಾಹ್ನ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರೂ ಗಾಳಿಯೆಂದೇ ಬರೆದುಕೊಂಡರು. ಅವನಿಗೆ ಅವಳ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ಮನೆಗೆ ಬರುವಷ್ಟರಲ್ಲಿ, ಇವಳ ಹಂಗಿನಲ್ಲಿ ಬದುಕಬೇಕಾಯಿತಲ್ಲ ಎಂದು ಮೈಯೆಲ್ಲಾ ಉರಿಯತೊಡಗಿತು. ತಾನು ಕೇಳಿಸಿಕೊಂಡದ್ದು ಅವಳಿಗೆ ಗೊತ್ತೋ ಇಲ್ಲವೋ ಎಂಬುದೊಂದು ಮಾತ್ರ ಇವತ್ತಿಗೂ ಅವನಿಗೆ ತಿಳಿಯದು. ಕೇಳುವ ಧೈರ್ಯವಿಲ್ಲ. ಅವಳ ಮುಖ ನೋಡಿದರೆ ಯಾವ ಮುಳ್ಳೂ ಇಲ್ಲದ ತಕ್ಕಡಿ.

"ಸರ್, ಓಡಿಸಿ ನೋಡ್ತೀರಾ? ಆ ಮೂರನ್ನೂ ಓಡಿಸಿರ್ತೀರಲ್ಲ, ನಮ್ಮದನ್ನ ಓಡಿಸಿದ ಮೇಲೆ ನೀವೇ ಹೇಳ್ತೀರ" ಎಂದಳು ಮಾರಾಟದ ಹೆಂಗಸು.

ಓಡಿಸಿ ನೋಡಲೆಂದೇ ಇಟ್ಟ ಇನ್ನೊಂದು ಗಾಡಿ ಹೊರಗಿತ್ತು. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ, ಒಳಗೆಲ್ಲಾ ಹೊಸ ರಬ್ಬರಿನ ಘಾಟು. ಅವನು ಚಾಲಕನ ಸೀಟಿನಲ್ಲಿ ಕೂತ, ಮಾರಾಟದ ಹೆಂಗಸು ಪಕ್ಕದಲ್ಲಿ, ಅಕ್ಕ ತಮ್ಮ ಹಿಂದೆ. ಹೆಂಡತಿ ಮೊದಲು ಎರಡೂ ಕೈಯನ್ನು ಮಡಿಲಿಗೆ ತಂದುಕೊಂಡು, ಆಮೇಲೆ ತಮ್ಮನಿಗೆ "ಹಾಕು" ಎಂದದ್ದನ್ನು ಅವನು ಕನ್ನಡಿಯಲ್ಲಿ ನೋಡಿದ. ಕಾರು ಬೆಣ್ಣೆಯಲ್ಲಿ ಜಾರಿದ ಹಾಗೆ ಹೊರಟಿತು. ಜಪಾನಿನದಕ್ಕಿಂತ ಎತ್ತರ, ಜರ್ಮನಿಯದಕ್ಕಿಂತ ಮೆತ್ತಗೆ, ಸ್ಟಿಯರಿಂಗು ಫ್ರಾನ್ಸಿನದಕ್ಕಿಂತ ಹಗುರ. ಅವನಿಗೆ ಖುಷಿಯಾಗಬೇಕಿತ್ತು. ಗೋದಾಮುಗಳ ಹಿಂದಿನ ಖಾಲಿ ರಸ್ತೆಗೆ ತಿರುಗಿದಾಗ ಹಿಂದಿನಿಂದ ಮೈದುನ ಶುರುಮಾಡಿದ, "ಭಾವಾ, ಎಷ್ಟು ಮೆಲ್ಲಗೆ! ನಮ್ಮ ಲಿಫ್ಟೇ ಇದಕ್ಕಿಂತ ಜೋರಾಗಿ ಹೋಗುತ್ತೆ. ಸಂದಿಗೆ ಗಾಡಿ ಹಿಡಿಸುತ್ತೋ ಇಲ್ವೋ ಅಂತ ಇಳಿದು ಟೇಪು ಹಿಡೀತೀರೇನೋ? ಮೇಡಂ, ನಮ್ಮ ಭಾವನ ಕಣ್ಣಳತೆ ಕಥೆ ಗೊತ್ತಾ ನಿಮಗೆ? ನಮ್ಮನೆ ಹಜಾರ ಹದಿಮೂರೂವರೆ ಅಡಿ…"

ಅವನು ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದ. ಕಾರು ಮುಂದಕ್ಕೆ ಹಾರಿತು. ಎಪ್ಪತ್ತು, ಎಂಬತ್ತು. ಎದುರಿಗೆ ಗೋದಾಮಿನ ಇಟ್ಟಿಗೆಯ ಗೋಡೆ ಒಂದೇ ಸಮನೆ ದೊಡ್ಡದಾಗುತ್ತಿತ್ತು, ಇಟ್ಟಿಗೆ ಇಟ್ಟಿಗೆಯ ನಡುವಿನ ಗಾರೆಯೂ ಕಾಣತೊಡಗಿತು. ನಾಲ್ಕೂ ಜನ ಆ ಗೋಡೆಯೊಳಗೆ ಹೋಗಿಬಿಟ್ಟರೆ ಎಷ್ಟು ಸಲೀಸು, ಯಾರೂ ಯಾರನ್ನೂ ಏನೂ ಕೇಳುವುದಿರುವುದಿಲ್ಲ ಎಂಬ ಯೋಚನೆ ಬಂತು. ಬಂದದ್ದಕ್ಕೆ ಹೆದರಿಕೆಯಾಗಲಿಲ್ಲ, ಹಿತವೆನಿಸಿತು. ಮಾರಾಟದ ಹೆಂಗಸು "ಸರ್" ಎಂದಳು, ಮತ್ತೆ "ಸರ್" ಎಂದು ಚೀರಿದಳು. ಅವನು ಬ್ರೇಕಿನ ಮೇಲೆ ಎದ್ದುನಿಂತ. ಟೈರು ಕಿರುಚಿ ಕಾರು ನೆಲ ಕಚ್ಚಿಕೊಂಡಿತು. ಬೆಲ್ಟು ಹಾಕಿರದ ಮೈದುನನ ಮುಖ ಮುಂದಿನ ಸೀಟಿನ ಬೆನ್ನಿಗೆ ಹೋಗಿ ಬಡಿಯಿತು. ಆಮೇಲೆ ಪ್ಲಾಸ್ಟಿಕ್ಕಿನ ಮೇಲೆ ಟಪ್ ಟಪ್ ಎಂದು ಏನೋ ಬೀಳುವ ಸದ್ದು. ಮೈದುನ ಮೂಗು ಹಿಡಿದುಕೊಂಡಿದ್ದ, ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು.

"ಬ್ರೇಕ್ ಪರೀಕ್ಷೆ" ಎಂದ ಅವನು. ತನ್ನ ದನಿ ಇಷ್ಟು ಶಾಂತವಾಗಿರುವುದು ಕೇಳಿ ಅವನಿಗೇ ಆಶ್ಚರ್ಯವಾಯಿತು. "ಹೇಳದೇ ಹಾಕಿದ್ರೆ ತಾನೇ ನಿಜವಾದ ಪರೀಕ್ಷೆ. ಹತ್ತಕ್ಕೆ ಹತ್ತು ಕೊಡಬಹುದು."

"ಹೇಳಬಾರದಾ ಭಾವಾ!" ಮೈದುನ ಮೂಗಿನಲ್ಲೇ ಗೊಣಗಿದ. ನೋವಿಗಿಂತ ಹೆಚ್ಚಾಗಿ, ಆದದ್ದನ್ನು ಅವನಿಗೆ ನಂಬಲಾಗುತ್ತಿರಲಿಲ್ಲ. ಕನ್ನಡಿಯಲ್ಲಿ ಹೆಂಡತಿ ಕಂಡಳು. ಅವಳಿಗೆ ಏನೂ ಆಗಿರಲಿಲ್ಲ. ಬೆಲ್ಟು ಹಾಕಿದ್ದಳು, ಸಾಲದೆಂದು ಎಡಗೈಯಲ್ಲಿ ಮೇಲಿನ ಹಿಡಿಯನ್ನೂ ಭದ್ರವಾಗಿ ಹಿಡಿದಿದ್ದಳು. ಅವನು ವೇಗ ಹೆಚ್ಚಿಸುವ ಮೊದಲಿನಿಂದಲೂ ಹಿಡಿದಿದ್ದಳೆಂದು ಅವನಿಗೆ ಆಗ ಹೊಳೆಯಿತು. ಬಲಗೈಯಿಂದ, ಮಡಚಲಾಗದ ಆ ಎರಡು ಬೆರಳು ಕಡ್ಡಿಯಂತೆ ಮುಂದಕ್ಕೆ ಚಾಚಿಕೊಂಡಿರುವಾಗಲೇ, ತಮ್ಮನ ಮೂಗಿಗೆ ಸೆರಗು ಒತ್ತಿದಳು. ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು.

ವಾಪಸು ಬಂದಾಗ ಷೋರೂಮಿನ ಗೋಡೆಯ ದೊಡ್ಡ ಟಿವಿಯಲ್ಲಿ ಅಪಘಾತದ ಪರೀಕ್ಷೆ ತೋರಿಸುತ್ತಿದ್ದರು. ಕಾರಿನೊಳಗೆ ಗೊಂಬೆಗಳ ಒಂದು ಸಂಸಾರ, ಗಂಡ, ಹೆಂಡತಿ, ಹಿಂದೆ ಮಗು. ಕಾರು ನಿಧಾನಕ್ಕೆ ಗೋಡೆಯೊಳಗೆ ಮಡಚಿಕೊಳ್ಳುತ್ತಿತ್ತು, ಗಾಜು ಹಿಟ್ಟಿನಂತೆ ಹಾರುತ್ತಿತ್ತು, ಗೊಂಬೆಗಳ ಕತ್ತು ಮುಂದಕ್ಕೆ ಹೋಗಿ ಹಿಂದಕ್ಕೆ ಬರುತ್ತಿತ್ತು. ಮುಗಿದ ತಕ್ಷಣ ಮತ್ತೆ ಮೊದಲಿನಿಂದ. ಅದರ ಪಕ್ಕ ಐದು ನಕ್ಷತ್ರ. ದುಂಡು ಮೇಜಿನ ಸುತ್ತ ಕೂತರು. ಮೈದುನ ಮೂಗಿನ ಎರಡೂ ಹೊಳ್ಳೆಗೆ ಹತ್ತಿ ತುರುಕಿಕೊಂಡು, "ನೋಡಿ, ಬಾಯಲ್ಲೇ ಉಸಿರಾಡೋ ಹಾಗಾಯ್ತು" ಎಂದು ತಮಾಷೆ ಮಾಡಲು ನೋಡಿದ. ಯಾರೂ ನಗಲಿಲ್ಲ. ಅವನು ಅಂಕಪಟ್ಟಿಗಳನ್ನು ಒಟ್ಟುಮಾಡಿಕೊಂಡ. ಅಂಕಗಳನ್ನು ಕೂಡಿಸುವಾಗ ಅವನ ಮನಸ್ಸು ಯಾವಾಗಲೂ ಸ್ತಿಮಿತದಲ್ಲಿರುತ್ತಿತ್ತು. ತನ್ನದರಲ್ಲಿ ಕೊರಿಯಾದ್ದು ಮುಂದಿತ್ತು, ಮೈದುನನದರಲ್ಲೂ. ಹೆಂಡತಿಯ ಹಾಳೆಯಲ್ಲಿ ಎಡಗೈಯ ಅಂಕಿಗಳು ಸೊಟ್ಟಸೊಟ್ಟಾಗಿ, ಆದರೆ ಒತ್ತಿ ಬರೆದಿದ್ದವು. ನೋಟಕ್ಕೆ ಎಂಟು, ಏಳು, ಏಳು, ಒಂಬತ್ತು. ಸೀಟಿಗೆ ಎಂಟು, ಎಂಟು, ಏಳು, ಎಂಟು. ಆರನೆಯ ಸಾಲಿಗೆ ಬಂದವನು ನಿಂತ. ಬಾಗಿಲು: ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ.

ಹಾಳೆಯನ್ನು ಮಡಿಚಿ ಜೇಬಿಗೆ ಹಾಕಬಹುದಿತ್ತು. ಅಂಕ ಕೂಡಿಸಿದಂತೆ ಮಾಡಿ, ಕೊರಿಯಾದ್ದೇ ಗೆದ್ದಿತು ಎಂದು ಎದ್ದುಬಿಡಬಹುದಿತ್ತು. ಆದರೆ ಲೆಕ್ಕಕ್ಕೆ ಹೊಂದದ ಅಂಕಿಯನ್ನು ಪ್ರಶ್ನಿಸದೆ ಬಿಟ್ಟು ಅವನಿಗೆ ಗೊತ್ತಿಲ್ಲ. "ಇದೇನು?" ಎಂದುಬಿಟ್ಟ. "ನಾಲ್ಕಕ್ಕೂ ಸೊನ್ನೇನಾ? ಹತ್ತಕ್ಕೆ ಒಂದಾದರೂ ಬೇಡ್ವಾ? ಏನಾದ್ರೂ ಕಾರಣ ಇರಬೇಕಲ್ಲ."

"ಅನ್ನಿಸಿದ್ದನ್ನ ಬರಿ ಅಂದ್ರಿ. ಬರೆದೆ."

ಮಾರಾಟದ ಹೆಂಗಸಿಗೆ ವ್ಯಾಪಾರ ಕೈತಪ್ಪುವ ವಾಸನೆ ಬಡಿಯಿತು. "ಮೇಡಂಗೆ ಬಾಗಿಲು ಅಂದ್ರೆ ಭಯ ಇರಬೇಕು. ಬನ್ನಿ ಮೇಡಂ, ಇಲ್ಲೊಂದು ತೋರಿಸ್ತೀನಿ" ಎಂದು ಎಲ್ಲರನ್ನೂ ಎಬ್ಬಿಸಿಕೊಂಡು ಕಾರಿನ ಬಳಿಗೆ ಹೋದಳು. ಮುಂದಿನ ಬಾಗಿಲು ತೆರೆದು, ತನ್ನ ಚೀಲದಿಂದ ಒಂದು ಗಜ್ಜರಿ, ಅದೇ ಕ್ಯಾರೆಟ್ಟು, ತೆಗೆದಳು. ದಿನಕ್ಕೆ ನಾಲ್ಕು ಗಜ್ಜರಿ ತರುತ್ತೇನೆ, ಸಂಜೆಗೆ ಸಾರಿಗೆ ಹಾಕುತ್ತೇನೆ ಎಂದು ನಕ್ಕಳು. ಕಿಟಕಿಯ ಸಂದಿಗೆ ಗಜ್ಜರಿ ಇಟ್ಟು ಗುಂಡಿ ಒತ್ತಿದಳು. ಗಾಜು ಮೇಲೇರಿತು, ಗಜ್ಜರಿಗೆ ತಾಗಿತು, ತಾಗಿದ್ದೇ ತಡ ಹಿಂದೆ ಸರಿದು ಕೆಳಗಿಳಿಯಿತು. ಗಜ್ಜರಿಗೆ ಗೀರೂ ಬಿದ್ದಿರಲಿಲ್ಲ. "ನಮ್ಮ ಲಿಫ್ಟ್ ಬಾಗಿಲೂ ಹೀಗೇ" ಎಂದ ಮೈದುನ ಹೆಮ್ಮೆಯಿಂದ, ಹತ್ತಿಯ ದನಿಯಲ್ಲಿ.

"ಈ ಬಾಗಿಲೂ ಹಾಗೆ ನಿಲ್ಲುತ್ತಾ?" ಎಂದಳು ಹೆಂಡತಿ.

"ಅಯ್ಯೋ ಇಲ್ಲ ಮೇಡಂ. ಬಾಗಿಲು ನಾವೇ ಹಾಕೋದಲ್ವಾ? ಹಾಕೋರು ನೋಡಿ ಹಾಕ್ಬೇಕು ಅಷ್ಟೆ."

"ನೋಡಿಯೇ ಹಾಕಿದ್ರೆ?"

ಮಾರಾಟದ ಹೆಂಗಸು ಗಜ್ಜರಿ ಹಿಡಿದುಕೊಂಡು ನಗಲೋ ಬೇಡವೋ ಎಂಬಂತೆ ನಿಂತಳು. ಅವನ ಕೈ ತಾನಾಗಿಯೇ ಆಸರೆ ಹುಡುಕುತ್ತಾ ಹೋಗಿ ಕಾರಿನ ಕಂಬವನ್ನು ಹಿಡಿದುಕೊಂಡಿತು. "ಏನಕ್ಕಾ ಇದು, ಅವತ್ತು ಗಾಳಿ ಅಲ್ವಾ?" ಎಂದ ಮೈದುನ.

"ಅವತ್ತು ಗಾಳಿ ಇರ್ಲಿಲ್ಲ ಕಣೋ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಇವತ್ತು ಬ್ರೇಕ್ ಪರೀಕ್ಷೆ ಅಂದ್ರಲ್ಲ, ಅಂಥದ್ದೇ. ಕೈ ಇದೆ, ಕೈ ಇದೆ ಅಂತ ಹೇಳ್ತಾನೇ ಇದ್ದೆ."

"ನೀನು ಹೇಳಿದ್ದು ಒಂದೇ ಸಲ!"

ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಇಪ್ಪತ್ತಾರು ವರ್ಷ ಅಂಗಡಿಯವರ ಸುಳ್ಳು ಹಿಡಿದವನು, ಅಳತೆ ತಪ್ಪಾಯಿತೆಂದು ತಿದ್ದಲು ಹೋಗಿ ತನ್ನ ಬಾಯಿಂದಲೇ ಸಿಕ್ಕಿಬಿದ್ದಿದ್ದ. ಹೆಂಡತಿ ಸೆರಗಿನಿಂದ ಬಲಗೈ ಹೊರತೆಗೆದಳು. ನೆಟ್ಟಗೆ ಸೆಟೆದ ಆ ಎರಡು ಬೆರಳಿನ ಪಕ್ಕಕ್ಕೆ ತೋರುಬೆರಳನ್ನೂ ಎತ್ತಿ ಹಿಡಿದಳು.

"ಮೂರು" ಎಂದಳು. "ನೀವು ಬಾಗಿಲು ಹಿಡ್ಕೊಂಡಾಗ ಒಂದು. ನನ್ನ ಮುಖ ನೋಡಿದ್ರಲ್ಲ, ಆಗ ಒಂದು. ಆಮೇಲೆ ನನ್ನ ಕೈ ನೋಡಿದ್ರಿ. ಆಗ ಒಂದು."

ಆಗ ಅವನಿಗೆ ಕೇಳಿಸಿತು. ಮೂರು ವರ್ಷದಿಂದ ಎಲ್ಲಿಯೋ ತುಳಿದು ಮುಚ್ಚಿಟ್ಟಿದ್ದ ಆ ಉಳಿದೆರಡು ಮಾತೂ ಒಟ್ಟಿಗೇ ಎದ್ದು ಬಂದವು. ಮೊದಲನೆಯದು ಸುಮ್ಮನೆ ಹೇಳಿದ್ದು, ಎರಡನೆಯದು ಗಾಬರಿಯದು, ಮೂರನೆಯದು ಬಹಳ ಮೆತ್ತಗೆ, ಬೇಡಿಕೊಂಡದ್ದು. ಮೂರನೆಯದಕ್ಕೆ ಕಾದಿದ್ದ. ಕಾದು, ತೀರ್ಪು ಕೊಟ್ಟಿದ್ದ.

ಮೈದುನ ಮೂಗಿನ ಹತ್ತಿಯನ್ನು ಕಿತ್ತು ನೆಲಕ್ಕೆಸೆದ. ಭಾವಾ ಎನ್ನಲಿಲ್ಲ. ಕಂಬದ ಮೇಲಿದ್ದ ಭಾವನ ಕೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು ಅಲ್ಲಿಯೇ ಅದುಮಿದ. ಇನ್ನೊಂದು ಕೈ ತೆರೆದ ಬಾಗಿಲಿನ ಅಂಚಿಗೆ ಹೋಯಿತು. ಬೆಳಗಿನಿಂದ ನಾಲ್ಕು ಅಂಗಡಿಯಲ್ಲಿ ಬಾಗಿಲು ಬೀಸಿ ಬೀಸಿ ಹದವಾದ ಕೈ. ಮೂಗಿನಿಂದ ಮತ್ತೆ ರಕ್ತ ಇಳಿದು ತುಟಿಯ ಮೇಲೆ ಹರಿಯುತ್ತಿದ್ದರೂ ಅವನಿಗೆ ಅದರ ಪರಿವೆಯಿರಲಿಲ್ಲ. "ಸರ್, ಬೇಡಿ ಸರ್… ಡಿಸ್‌ಪ್ಲೇ ಗಾಡಿ ಸರ್" ಎನ್ನುತ್ತಾ ಮಾರಾಟದ ಹೆಂಗಸು ಹಿಂದೆ ಹಿಂದೆ ಸರಿದಳು. ಇನ್ಸ್‌ಪೆಕ್ಟರು ಕೈ ಎಳೆದುಕೊಂಡ, ಬರಲಿಲ್ಲ. ಮತ್ತೆ ಎಳೆದ. ಕಂಬದ ತಣ್ಣನೆಯ ಕಬ್ಬಿಣದ ಮೇಲೆ ಅವನ ನಾಲ್ಕೂ ಬೆರಳು ಸಾಲಾಗಿ ಬಿಳಿಚಿಕೊಂಡಿದ್ದವು.

"ಕೈ ಇದೆ" ಎಂದ.

ಮೈದುನ ಅಕ್ಕನ ಕಡೆ ನೋಡಿದ. ಅವಳು ಮುಂದೆ ಬಂದಿದ್ದಳು. ಮೂರು ವರ್ಷದಲ್ಲಿ ಮೊದಲ ಸಲ ತೆರೆದ ಬಾಗಿಲಿನ ಇಷ್ಟು ಹತ್ತಿರಕ್ಕೆ. ಅವಳು ಗಂಡನ ಮುಖ ನೋಡುತ್ತಿರಲಿಲ್ಲ. ಅವನ ಕೈ ನೋಡುತ್ತಿದ್ದಳು.

"ಒಂದು" ಎಂದಳು.

"ಕೈ ಇದೆ ಕಣೇ, ಕೈ…"

"ಎರಡು."

ಹಿಂದೆ ಟಿವಿಯಲ್ಲಿ ಗೊಂಬೆಗಳ ಸಂಸಾರ ಮತ್ತೆ ಗೋಡೆಯ ಕಡೆಗೆ ಹೊರಟಿತ್ತು. ಅವನು ಬಾಯಿ ತೆರೆದ, ಮುಚ್ಚಿದ. ಮೂರನೆಯದನ್ನು ಹೇಳಲಿಲ್ಲ. ಮೂರನೆಯ ಸಲ ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಾಗಿಲು ಹಿಡಿದವನು ಕಾಯುತ್ತಿದ್ದ, ಅವಳೂ ಕಾಯುತ್ತಿದ್ದಳು.